ಹೊಸ್ತಿಲು ದಾಟಿದ ಕಿರೀಟ

ತಮ್ಮಾ ಶಟ್ಟೆಪ್ಪಾ,

ನಾನು ನೇಸರಗಿಯ ದೊಡ್ಡಮನಿ ರಾಯವ್ವ. ಮುಲ್ಕಿ ಪರೀಕ್ಷೆ ಪಾಸಾದವಳು. ಅಪ್ಪ ತೀರಿದ ಮೇಲೆ ಈ ಮನೆಯಲ್ಲಿ ನನ್ನ ಮಾತು ಮೀರಿದವನು ನೀನೊಬ್ಬನೇ.

ಬಸ್ರಾದ ಯುದ್ಧದಿಂದ ಕುಂಟುತ್ತ ಬಂದ ನೀನು ನಾಟಕ ಕಂಪನಿ ಸೇರಿದಾಗ, ಬಣ್ಣದ ಸಾಮಾನು ನನ್ನ ಹೊಸ್ತಿಲು ದಾಟಕೂಡದು ಎಂದಿದ್ದೆ. ಬೈಲಹೊಂಗಲದಲ್ಲಿ ನೀನು ರಾಜನ ಪಾರ್ಟು ಮಾಡಿದಾಗ ಊರವರೆಲ್ಲ ಗಾಡಿ ಕಟ್ಟಿಕೊಂಡು ಹೋದರು. ನಾನು ಹೋಗಲಿಲ್ಲ.

ಇಂದು ನೀನು ತೀರಿದ ಹನ್ನೊಂದನೆಯ ದಿನ. ಎಡೆಯ ಮುಂದೆ ನಿನ್ನ ದಂಡಿನ ಕೋಟು, ಪದಕಗಳನ್ನಷ್ಟೇ ಇಟ್ಟಿದ್ದೆ. ಅಷ್ಟರಲ್ಲಿ ನಿನ್ನ ಕಂಪನಿಯ ದುರ್ಗಪ್ಪ ನಿನ್ನ ಕಿರೀಟ ಹಿಡಿದು ಅಂಗಳಕ್ಕೆ ಬಂದ.

“ಸರಕಾರದ ಬಿಲ್ಲೆ ಬಾಜೂಕ ತಗಡಿನ ಟೊಪ್ಪಗಿ ಇಡತಿ ಏನಲೇ? ಹೊರಗ ನಿಂದ್ರು!” ಎಂದರು ಲಕ್ಕಪ್ಪ ಕಾಕಾ.

ದುರ್ಗಪ್ಪ ನನ್ನ ಕಡೆ ತಿರುಗಿದ. “ಅಕ್ಕಾರ, ಇದನ್ನ ತಲಿಮ್ಯಾಲ ಇಟ್ಟಕೊಂಡ್ರ ಅಣ್ಣಾರು ಕುಂಟತಿದ್ದಿಲ್ರಿ. ನೀವೂ ನೋಡಿರಬೇಕಲ್ರಿ?”

ನಾನು ಹೊಸ್ತಿಲು ದಾಟಿ ಅಂಗಳಕ್ಕಿಳಿದೆ.

ಕಿರೀಟವನ್ನು ನಾನೇ ಒಳಗೆ ತಂದು ಪದಕಗಳ ಪಕ್ಕದಲ್ಲಿಟ್ಟೆ. ಕಾಕಾ ಊಟ ಮಾಡದೆ ಮಣೆ ಬಿಟ್ಟು ಎದ್ದುಹೋದರು. ಅವರ ಮಣೆಯ ಮೇಲೆ ದುರ್ಗಪ್ಪನನ್ನು ಕೂಡಿಸಿ, ಮೊದಲ ಹುಗ್ಗಿ ಅವನಿಗೇ ಬಡಿಸಿದೆ.