ಕೂಗದೆ ಕುಳಿತವರು

ಚೋಶಿ
ಅಕ್ಟೋಬರ್ ೨೦

ಪ್ರೀತಿಯ ನಾಗಿಸಾ,

ಹೇಗಿದ್ದೀಯ? ಟೋಕಿಯೊದಲ್ಲಿ ಇನ್ನೂ ಸೆಕೆ ಬಿಟ್ಟಿಲ್ಲ ಎಂದು ಸುದ್ದಿಯಲ್ಲಿ ಹೇಳಿದರು. ಇಲ್ಲಿ ಕಡಲ ಗಾಳಿ ತಿರುಗಿದೆ. ಬೆಳಿಗ್ಗೆ ಶಾಲೆಯ ಅಡುಗೆಮನೆಗೆ ಹೊರಡುವಾಗ ಸ್ವೆಟರ್ ಬೇಕೇ ಬೇಕು. ಬಂದರಿಗೆ ಈ ಸಲ ಬೂತಾಯಿ ಮೀನು ಚೆನ್ನಾಗಿ ಬಂದಿದೆ. ನಿನ್ನಪ್ಪನ ಮೊಣಕಾಲು ನೋವು ಹಾಗೆಯೇ ಇದೆ, ಅದರ ಕುರಿತ ದೂರು ಮಾತ್ರ ಹೆಚ್ಚಾಗಿದೆ.

ಕಳೆದ ಮಂಗಳವಾರ ನೀನು ಫೋನಿನಲ್ಲಿ ಅಷ್ಟೆಲ್ಲ ಹೇಳಿದಾಗ ನಾನು ಬರೀ "ಹೂಂ, ಹೂಂ" ಅಂದೆ. ನಿನಗೆ ಬೇಸರವಾಗಿರಬಹುದು. "ಅಮ್ಮ, ಸಾಕು. ಹಾಡು ಬಿಟ್ಬಿಡ್ತೀನಿ. ತಿಂಗಳ ಕೊನೇಲಿ ಕಂಪನಿಯವ್ರಿಗೆ ಹೇಳ್ತೀನಿ, ಎರಡನೇ ಹಾಡಿನ ರೆಕಾರ್ಡಿಂಗೂ ಬೇಡ, ಏನೂ ಬೇಡ ಅಂತ" ಅಂದೆ. ಯಾಕೆ ಎಂದು ಕೇಳಿದರೆ ಮಿಟೊದ ಸಾರ್ವಜನಿಕ ಬಿಸಿನೀರ ಸ್ನಾನಗೃಹದ ಊಟದ ಹಾಲಿನಲ್ಲಿ ನಡೆದ ಕಾರ್ಯಕ್ರಮದ ಮಾತು ತೆಗೆದೆ. "ಕುರಾಮೋತಿಯವ್ರೂ ಬಂದಿದ್ರು ಅಮ್ಮ. ನನಗೆ ಹದಿನಾರು ಆಗಿದ್ದಾಗಿಂದ ಬರ್ತಿರೋರು. ಒಂದ್ಸಲಾನೂ ನನ್ನ ಹೆಸ್ರು ಕೂಗ್ಲಿಲ್ಲ. ಕೈಯಲ್ಲಿ ಹಿಡಿದು ಬೀಸೋ ಹಸಿರು ದೀಪಾನೂ ತೆಗೀಲಿಲ್ಲ. ತೊಡೆ ಮೇಲೆ ಕೈ ಇಟ್ಕೊಂಡು ಸಾವಿನ ಮನೇಲಿ ಕೂತ ಹಾಗೆ ಕೂತಿದ್ರು. ಅವ್ರಿಗೇ ಬೇಡವಾದ ಹಾಡು ಇನ್ಯಾರಿಗೆ ಬೇಕು?" ಎಂದು ಕೇಳಿದೆ.

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಆದರೆ ಉತ್ತರ ಹೇಳಬೇಕಾದರೆ ಇನ್ನೊಂದು ವಿಷಯವನ್ನೂ ಹೇಳಬೇಕಾಗುತ್ತಿತ್ತು. ಫೋನಿನಲ್ಲಿ ಹೇಳಿದ್ದರೆ ನೀನು ಅರ್ಧಕ್ಕೇ ರೇಗುತ್ತಿದ್ದೆ. ಅದಕ್ಕೇ ಈ ಕಾಗದ. ಮಧ್ಯದಲ್ಲಿ ಮಡಿಚಿಡಬೇಡ, ಪೂರ್ತಿ ಓದು.

ಮಿಟೊಗೆ ನಾನು ಬಂದಿದ್ದೆ.

"ಒಂದು ಸಭಾಂಗಣ ತುಂಬೋ ತನಕ ನೀವಿಬ್ರೂ ಬರಬಾರ್ದು. ಊಟ ಮಾಡ್ತಾ ಬಿಯರ್ ಕುಡಿಯೋರ ಮುಂದೆ ನಾನು ಹಾಡೋದನ್ನ ನೀವು ನೋಡಬಾರ್ದು" ಎಂದು ನೀನು ಮಾತು ತೆಗೆದುಕೊಂಡಿದ್ದೆ, ನೆನಪಿದೆ. ಅಪ್ಪ ಆ ಮಾತನ್ನು ಉಳಿಸಿಕೊಂಡಿದ್ದಾರೆ. ನಾನು ಉಳಿಸಿಕೊಳ್ಳಲಿಲ್ಲ. ಮಿಟೊದ ಹೆಸರಾಂತ ನಾಟೊ, ಆ ಹುದುಗಿಸಿದ ಸೋಯಾ ಕಾಳು, ತರಲು ಹೋಗುತ್ತೇನೆ ಎಂದು ಅವರಿಗೆ ಹೇಳಿದೆ. "ನಮ್ಮ ಬೀದಿ ಅಂಗಡೀಲಿ ಸಿಗೋ ನಾಟೊಗೆ ಮೂರು ರೈಲು ಹತ್ತಬೇಕಾ? ಅದೇನು ಚಿನ್ನದ ನಾಟೊನಾ?" ಎಂದರು. ಕೊನೆಗೆ ಹಿಂತಿರುಗುವಾಗ ಸ್ಟೇಷನ್ನಿನಲ್ಲಿ ಆರು ಪೊಟ್ಟಣ ಕೊಳ್ಳಬೇಕಾಯಿತು.

ಸ್ನಾನ ಮುಗಿಸಿ, ಅಲ್ಲಿಯವರೇ ಕೊಟ್ಟ ಹೂವಿನ ನಿಲುವಂಗಿ ತೊಟ್ಟು ಊಟದ ಹಾಲಿಗೆ ಹೋದೆ. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತೆ. ಪಕ್ಕದಲ್ಲಿ ಮಿಟೊದವರೇ ಆದ ಒಬ್ಬ ಅಜ್ಜಿ ಇದ್ದರು. ವಾರಕ್ಕೆರಡು ಸಲ ಬರುತ್ತಾರಂತೆ. ಸ್ನಾನಕ್ಕಿಂತ ಹಾಡುವವರ ತಪ್ಪು ಹುಡುಕುವುದರಲ್ಲಿ ಅವರಿಗೆ ಹೆಚ್ಚು ಸುಖ.

"ಯಾವ್ ಊರಿಂದ ಬಂದ್ರಿ?" ಎಂದರು. ಚೋಶಿ ಎಂದೆ.

"ಅಷ್ಟು ದೂರದಿಂದಾನಾ? ನಿಮ್ಮೂರಲ್ಲಿ ಬಿಸಿನೀರು ಇಲ್ವಾ?"

ಇದೆ, ಆದರೆ ಹಾಡುವವರಿಲ್ಲ ಎಂದೆ. ನಂತರ ನೀನು ನೀಲಿ ಉಡುಪಿನಲ್ಲಿ ಬಂದೆ. ಅಜ್ಜಿ ನಿನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತೆಳ್ಳಗಿದೆ ಮಗು. ಇದರ ಅಮ್ಮ ಏನ್ ಹಾಕ್ತಾಳೋ ಊಟಕ್ಕೆ" ಎಂದರು. ಮಗುವಿನ ಅಮ್ಮ ಸುಮ್ಮನೆ ಟೀ ಕುಡಿದಳು.

ಕೊನೆಯ ಬಸ್ಸು ತಪ್ಪಿಸಿಕೊಂಡ ಹೆಂಗಸಿನ ಕುರಿತ ನಿನ್ನ ಆ ಹಾಡನ್ನು ನಾನು ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆದರೆ ಎದುರಿಗೆ ಕೇಳಿದಾಗ ಬೇರೆಯಾಗಿತ್ತು. ಮೊದಲ ಚರಣದ ಕೊನೆಯಲ್ಲಿ ನೀನು ದನಿ ಇಳಿಸುತ್ತೀಯಲ್ಲ, ಅಲ್ಲಿ ಎದುರಿನ ಮೇಜಿನವನು ಬಾಯಿಗೆ ಒಯ್ದ ಚಾಪ್‌ಸ್ಟಿಕ್ಕನ್ನು ಹಾಗೇ ಹಿಡಿದುಕೊಂಡಿದ್ದ. ಇದು ನನ್ನ ಹೊಗಳಿಕೆಯಲ್ಲ, ಕಣ್ಣಾರೆ ಕಂಡದ್ದು.

ಎರಡನೆಯ ಚರಣದಲ್ಲಿ ಏನಾಯಿತು ಎಂಬುದನ್ನು ನೀನು ಫೋನಿನಲ್ಲಿ ಹೇಳಲಿಲ್ಲ. ನಾನು ಹೇಳುತ್ತೇನೆ. ಎರಡು ಸಾಲು ಹಾಡಿದೆ. ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಅರ್ಧ ಬಲಕ್ಕೆ ತಿರುಗಿ, "ನೀನು ಬಾ" ಎಂಬಂತೆ ಕೈ ಚಾಚಿದೆ. ಯಾರೂ ಬರಲಿಲ್ಲ. ವಾದ್ಯ ತನ್ನ ಪಾಡಿಗೆ ನುಡಿಯುತ್ತಲೇ ಇತ್ತು. ಹಾಡಿನ ಎರಡು ಸಾಲು ಖಾಲಿಯಾಗಿ ಹೋದವು.

ಅಜ್ಜಿ ನನ್ನ ಕಡೆ ವಾಲಿ, "ಬಸ್ಸು ತಪ್ಪಿದ್ದು ಇವಳಿಗಾ, ಜೊತೆಯವಳಿಗಾ?" ಎಂದರು. ಹಿಂದೆ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಆ ಎರಡು ಹೆಜ್ಜೆ ಎಲ್ಲಿಂದ ಬಂದವು ಎಂದು ಆ ಹಾಲಿನಲ್ಲಿ ಗೊತ್ತಿದ್ದವರು ಕೆಲವರೇ, ಅವರಲ್ಲಿ ನಾನೂ ಒಬ್ಬಳು. ‘ಅಸಾಗಿರಿ’ ಗುಂಪಿನಲ್ಲಿ ನೀವು ಒಂಬತ್ತು ಹುಡುಗಿಯರಿದ್ದಿರಿ. ಪ್ರತಿ ಹಾಡಿನಲ್ಲೂ ನಿನ್ನ ಪಾಲಿಗೆ ಎರಡೇ ಸಾಲು. ಮುಂದೆ ಬಂದು ಹಾಡುವುದು, ಹಿಂದೆ ಸರಿದು ಮುಂದಿನವಳಿಗೆ ಜಾಗ ಬಿಡುವುದು. ಒಂಬತ್ತು ವರ್ಷ ಅದನ್ನೇ ಮಾಡಿದ ಕಾಲುಗಳು. ಗುಂಪು ಬಿಟ್ಟು ಒಂದೂವರೆ ವರ್ಷವಾಯಿತು ಎಂದು ತಲೆಗೆ ಗೊತ್ತು, ಕಾಲಿಗೆ ಯಾರು ಹೇಳಬೇಕು? ನೀನು ಬೇಗನೆ ಮುಂದೆ ಬಂದು ಉಳಿದದ್ದನ್ನು ಹಾಡಿ ಮುಗಿಸಿದೆ. ಮೂರನೆಯ ಚರಣವನ್ನು ಅಷ್ಟು ಚೆನ್ನಾಗಿ ನೀನು ಎಂದೂ ಹಾಡಿರಲಿಲ್ಲ. ಅಜ್ಜಿ ಕೂಡ ಚಪ್ಪಾಳೆ ಹೊಡೆದರು. "ಒಬ್ಳೇ ಆದ್ರೂ ಪರ್ವಾಗಿಲ್ಲ, ಗಂಟಲಿದೆ" ಎಂದು ತೀರ್ಪು ಕೊಟ್ಟರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಹೊರಗೆ ಚಪ್ಪಲಿ ಗೂಡಿನ ಹತ್ತಿರ ನಿಲ್ದಾಣದ ಬಸ್ಸಿಗೆ ಕಾಯುತ್ತಿದ್ದೆ. ಅಲ್ಲಿ ನಿನ್ನ ನಾಲ್ವರು ಹಳೆಯ ಅಭಿಮಾನಿಗಳು ನಿಂತು ಜಗಳವಾಡುತ್ತಿದ್ದರು. ಕುರಾಮೋತಿಯವರನ್ನು ಫೋಟೋಗಳಲ್ಲಿ ನೋಡಿದ್ದೆ, ಗುರುತು ಹಿಡಿದೆ. ಜೊತೆಗೆ ನರ್ಸ್ ಕೆಲಸದ ತೊಮಿಜಾವಾ ಎಂಬ ಹೆಂಗಸು, ಇನ್ನಿಬ್ಬರು. ಕುರಾಮೋತಿಯವರ ಚೀಲದೊಳಗೆ ದೀಪ ತಾನಾಗಿಯೇ ಹೊತ್ತಿಕೊಂಡು ಬಟ್ಟೆಯ ಮೂಲಕ ತಿಳಿ ಹಸಿರು ಬೆಳಕು ಕಾಣುತ್ತಿತ್ತು. ಅವರಿಗೆ ಅದು ಗೊತ್ತಿರಲಿಲ್ಲ.

ತೊಮಿಜಾವಾ ಹೇಳುತ್ತಿದ್ದರು: "ಅವಳು ಹಿಂದಕ್ಕೆ ಸರಿದಾಗ ನನ್ನ ನಾಲಿಗೆ ತುದೀವರೆಗೆ ಬಂದಿತ್ತು ಕೂಗು. ನೀವು ಕಣ್ಣು ಬಿಟ್ಟು ಹೆದರಿಸಿದ್ರಿ."

"ಹೆದರಿಸದೆ ಇನ್ನೇನ್ ಮಾಡ್ಲಿ? ನಾವೇ ಸಭೆ ಮಾಡಿದ್ದು, ನಾವೇ ಕೈ ಎತ್ತಿದ್ದು. ನೀವೂ ಎತ್ತಿದ್ರಿ" ಎಂದರು ಕುರಾಮೋತಿಯವರು.

"ಎತ್ತಿದೆ. ತಪ್ಪಾಯ್ತು. ಆ ಮಗು ಅಲ್ಲಿ ಒಬ್ಳೇ ನಿಂತಿತ್ತು, ನಾವು ಇಲ್ಲಿ ಕಲ್ಲುಗುಂಡಿನ ಹಾಗೆ ಕೂತಿದ್ವಿ."

"ಕಲ್ಲುಗುಂಡಲ್ಲ ರೀ, ಗೌರವ!"

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ನಾನು ನಾಗಿಸಾಳ ತಾಯಿ ಎಂದೆ. ಕುರಾಮೋತಿಯವರ ಕೈಯಲ್ಲಿದ್ದ ಬೂಟು ಕೆಳಗೆ ಬಿತ್ತು. ನಾಲ್ವರೂ ಒಟ್ಟಿಗೆ ಎಷ್ಟು ಬಗ್ಗಿದರೆಂದರೆ ಹಿಂದಿನಿಂದ ಬರುತ್ತಿದ್ದವರಿಗೆ ದಾರಿ ಇಲ್ಲದಂತಾಯಿತು. ಆಮೇಲೆ ಕುರಾಮೋತಿಯವರು ತಮ್ಮ ಲಾರಿ ಕಂಪನಿಯ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು ವಿವರಿಸಿದರು.

"ಅಮ್ಮಾ, ಗುಂಪಿನಲ್ಲಿದ್ದಾಗ ನಾವು ಗಂಟಲು ಹರಿಯೋ ಹಾಗೆ ಕೂಗ್ತಿದ್ವಿ, ದೀಪ ಬೀಸ್ತಿದ್ವಿ. ಅದು ಆ ಹಾಡುಗಳಿಗೆ ಸರಿ. ಈಗ ನಾಗಿಸಾ ಅವ್ರು ದೊಡ್ಡ ಗಾಯಕಿ ಆಗೋಕೆ ಹೊರಟಿದ್ದಾರೆ. ಇಂಥ ಹಾಡಿನ ಮಧ್ಯೆ ನಾವು ಎದ್ದು ಕೂಗಿದ್ರೆ, ‘ಓ, ಇವಳು ಆ ಚಿಕ್ಕ ಹುಡುಗೀರ ಗುಂಪಿನವಳು’ ಅಂತ ಜನ ಹಗುರವಾಗಿ ನೋಡ್ತಾರೆ. ಅದಕ್ಕೇ ಹೋದ ವರ್ಷ ವಸಂತದಲ್ಲೇ ಸಭೆ ಸೇರಿ ತೀರ್ಮಾನ ಮಾಡಿದ್ವಿ. ದೀಪ ಚೀಲದಲ್ಲೇ ಇರಬೇಕು, ಬಾಯಿ ಮುಚ್ಚಿರಬೇಕು, ಕೈ ತೊಡೆ ಮೇಲಿರಬೇಕು. ನಮಗೂ ಸುಲಭ ಇಲ್ಲಮ್ಮಾ. ನಾನಂತೂ ಹಾಡು ಮುಗಿಯೋ ತನಕ ಹಲ್ಲು ಕಚ್ಕೊಂಡಿರ್ತೀನಿ."

ಆಗ ನನಗೆ ಅವರ ಮಾತು ಸರಿ ಎನ್ನಿಸಿತು. ತಿಳುವಳಿಕೆಯ ಜನ ಎಂದುಕೊಂಡು ರೈಲು ಹತ್ತಿದೆ. ಮಂಗಳವಾರ ನಿನ್ನ ಫೋನ್ ಬಂದ ಮೇಲೆ ತಲೆ ತಿರುಗಿತು. ಒಂದೂವರೆ ವರ್ಷದಿಂದ ಅವರು ನಿನ್ನ ಮೇಲಿನ ಗೌರವಕ್ಕೆ ಹಲ್ಲು ಕಚ್ಚಿ ಕೂತಿದ್ದಾರೆ, ನೀನು ವೇದಿಕೆಯ ಮೇಲೆ ನಿಂತು ಅವರಿಗೆ ಹಾಡು ಹಿಡಿಸಲಿಲ್ಲ ಎಂದುಕೊಂಡಿದ್ದೀಯ! ಅವರ ಮೌನವನ್ನು ನೋಡಿ ನಿನಗೆ ದಿಗಿಲು, ನಿನ್ನ ಮುಖದ ದಿಗಿಲು ನೋಡಿ ಅವರು ಇನ್ನೂ ನೆಟ್ಟಗೆ ಕೂರುತ್ತಾರೆ.

ಮರುದಿನ ಶಾಲೆಯಲ್ಲಿ ಪಾತ್ರೆ ತೊಳೆದಾದ ಮೇಲೆ ಆ ಕಾರ್ಡಿನ ನಂಬರಿಗೆ ಫೋನ್ ಮಾಡಿದೆ. ನೀನು ಹೇಳಿದ್ದನ್ನು ಹಾಗೇ ಹೇಳಿದೆ. ಕುರಾಮೋತಿಯವರು ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿದ್ದರಂತೆ. ಆಮೇಲೆ, "ಅಮ್ಮಾ, ನಾವು ಗೌರವ ಅಂತ ಮಾಡಿದ್ದು ಅವರ ಉಸಿರು ಕಟ್ಟಿಸ್ತಾ?" ಎಂದರು. ಹೌದು ಎಂದೆ. ಸುಳ್ಳು ಹೇಳುವುದು ಸರಿಯಲ್ಲ ಎನ್ನಿಸಿತು. "ಹಾಗಾದ್ರೆ ತೊಮಿಜಾವಾ ಹೇಳಿದ್ದೇ ಸರಿ. ಇನ್ನು ಜನ್ಮಪೂರ್ತಿ ಅದನ್ನ ಹೇಳ್ಕೊಂಡು ತಿರುಗ್ತಾರೆ" ಎಂದು ನರಳಿದರು.

ನಿನ್ನೆ ಭಾನುವಾರ ನರಿತಾ ನಿಲ್ದಾಣದ ಹತ್ತಿರ ನೂಡಲ್ಸ್ ಅಂಗಡಿಯಲ್ಲಿ ಮತ್ತೆ ಸಭೆ ಸೇರಿತು. ನನ್ನನ್ನೂ ಕರೆದಿದ್ದರು. ಇಡೀ ಹಾಡಿಗೆ ಕೂಗಬೇಕೆಂದು ಒಬ್ಬ, ಕೂಗಲೇಬಾರದೆಂದು ಇನ್ನೊಬ್ಬ. ಸಂಸತ್ತಿನಲ್ಲೂ ಅಷ್ಟು ವಾದ ನಡೆಯುವುದಿಲ್ಲ. ಕೊನೆಗೆ ತೀರ್ಮಾನವಾದದ್ದು ಇಷ್ಟು: ನೀನು ಹಾಡುವಾಗ ಯಾರೂ ಬಾಯಿ ಬಿಡುವುದಿಲ್ಲ. ಒಂದು ಚರಣ ಮುಗಿದು ಇನ್ನೊಂದು ಶುರುವಾಗುವ ಮೊದಲು ಬರೀ ವಾದ್ಯ ಇರುತ್ತದಲ್ಲ, ಅಲ್ಲಿ ಒಂದೇ ಸಲ, ಎಲ್ಲರೂ ಸೇರಿ ನಿನ್ನ ಹೆಸರು. ದೀಪ ಹೊತ್ತಿಸಿ ತೊಡೆಯ ಮೇಲೆ ಇಟ್ಟುಕೊಳ್ಳಬಹುದು, ಬೀಸುವ ಹಾಗಿಲ್ಲ. ಮೊದಲು ಕೂಗು ಎತ್ತುವವರು ಯಾರು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಹಾಡಲು ಬರುವುದಿಲ್ಲ ಎಂದೆ. "ಹಾಡೋದು ಅವ್ರು, ನೀವು ಊಟಕ್ಕೆ ಕರೆದ ಹಾಗೆ ಕರೀರಿ ಸಾಕು" ಎಂದರು ತೊಮಿಜಾವಾ.

ಆದ್ದರಿಂದ ನವೆಂಬರ್ ಒಂಬತ್ತರ ನಿನ್ನ ಮುಂದಿನ ಕಾರ್ಯಕ್ರಮಕ್ಕೆ ನಾನು ತ್ಸುಚಿಉರಾಗೆ ಬರುತ್ತೇನೆ. ಈ ಸಲ ಹೇಳಿಯೇ ಬರುತ್ತಿದ್ದೇನೆ.

ನಿನ್ನನ್ನು ಕೇಳುವುದು ಒಂದೇ. ಕಂಪನಿಯವರಿಗೆ ತಿಂಗಳ ಕೊನೆಗೆ ಹೇಳಬೇಡ. ಹತ್ತು ದಿನ ಕಾಲಾವಕಾಶ ಕೇಳು, ಒಂಬತ್ತರ ಕಾರ್ಯಕ್ರಮ ಮುಗಿಯಲಿ. ಅವರ ಕೂಗು ಕೇಳಿದ ಮೇಲೂ ಹಾಡು ಬೇಡ ಎನ್ನಿಸಿದರೆ ಬಿಟ್ಟು ಬಾ, ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಯಾರಿಗೂ ಬೇಡ ಎಂದುಕೊಂಡು ಬಿಡಬೇಡ. ಅದು ನಿಜವಲ್ಲ. ನಿಜವಲ್ಲದ ಕಾರಣಕ್ಕೆ ಒಂದು ಕೆಲಸ ಬಿಡಬಾರದು.

ಹಿಂದೆ ಸರಿಯುವುದರ ಬಗ್ಗೆ ಒಂದು ಮಾತು. ನಮ್ಮ ಅಡುಗೆಮನೆಯಲ್ಲಿ ಹೊಸಬರು ದೊಡ್ಡ ಒಲೆಯ ಮುಂದೆ ಹೆದರಿ ಹಿಂದೆ ಹಿಂದೆ ಹೋಗುತ್ತಾರೆ. ಬೆನ್ನ ಹಿಂದೆ ಒಂದು ಸ್ಟೂಲ್ ಇಟ್ಟುಬಿಡುತ್ತೇವೆ. ಕಾಲಿಗೆ ತಗುಲಿದಾಗ ನೆನಪಾಗುತ್ತದೆ. ನೀನೂ ವೇದಿಕೆಯವರಿಗೆ ಹೇಳಿ ಒಂದು ಸ್ಟೂಲ್ ಇಡಿಸಿಕೋ. ಅದರ ಮೇಲೆ ನೀರಿನ ಲೋಟ ಇಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ. ಅಭ್ಯಾಸವಾದ ಮೇಲೆ ತೆಗೆಸಿದರಾಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಿಟೊದ ಅಜ್ಜಿಯ ಮಾತು ನನ್ನನ್ನು ಇನ್ನೂ ಚುಚ್ಚುತ್ತಿದೆ.

ನಿನ್ನ ದಾರಿ ನೋಡುತ್ತ,
ಅಮ್ಮ

ತಾ.ಕ.: ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆ ಸಂಜೆ ಹಾಡು ಮುಗಿಸಿ ನೀನು ಮೇಜುಗಳ ನಡುವೆ ಬಗ್ಗಿ ಎಲ್ಲರ ಕೈ ಕುಲುಕುತ್ತ ಬಂದೆ. ತಲೆಗೆ ಟವೆಲ್ ಸುತ್ತಿ, ಮಾಸ್ಕ್ ಹಾಕಿಕೊಂಡಿದ್ದ ನನ್ನ ಕೈಯನ್ನೂ ಹಿಡಿದು "ಸ್ನಾನ ಚೆನ್ನಾಗಿತ್ತಾ ಅಮ್ಮಾ?" ಎಂದು ಕೇಳಿದೆ. ನಾನು ದನಿ ದಪ್ಪ ಮಾಡಿಕೊಂಡು ಚೆನ್ನಾಗಿತ್ತು ಎಂದೆ. ವಯಸ್ಸಾದವರನ್ನೆಲ್ಲ ಹಾಗೇ ಕರೆಯುತ್ತೀಯ ಎಂದುಕೊಂಡೆ. ಆದರೆ ಪಕ್ಕದ ಅಜ್ಜಿಯ ಕೈಯನ್ನು ಹಿಡಿದು ಬಿಟ್ಟವಳು ನನ್ನದನ್ನು ಬಿಡಲಿಲ್ಲ, ನಿನ್ನ ಮ್ಯಾನೇಜರ್ ಎರಡು ಸಲ ಕರೆಯಬೇಕಾಯಿತು. ಮಂಗಳವಾರ ಫೋನಿನಲ್ಲಿ ನೀನು ಮಿಟೊದ ಸಂಗತಿಯನ್ನೆಲ್ಲ ಹೇಳಿದೆ, ಹಿಂದೆ ಸರಿದದ್ದನ್ನು ಮಾತ್ರ ಹೇಳಲಿಲ್ಲ. ಕಣ್ಣಾರೆ ನೋಡಿದವಳಿಗೆ ಮತ್ತೆ ಹೇಳುವುದೇನು ಎಂದು ಬಿಟ್ಟೆಯಾ?