ಅವ್ವನ ಮಾತು ಇಂಗ್ಲಿಷಿನಾಗ

ತಾಂಡೂರು
೧೨ ನವೆಂಬರ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಮಣಕಾಲ ನೋವು ಹೆಂಗದ? ಕಲ್ಹೇರ್‌ದಾಗ ಥಂಡಿ ಬಿದ್ದದಂತ, ಮುಂಜಾನಿ ಹೊರಗ ಕೂಡಬ್ಯಾಡ. ಆಪರೇಶನ್ ಆದ ಮ್ಯಾಲ ತಂಗಿ ಕೌಶಲ್ಯಾ ಎದ್ದು ಓಡ್ಯಾಡಾಕ ಹತ್ಯಾಳಂತ ಕೇಳಿ ಸಮಾಧಾನ ಆತು. ಅಕಿ ಮಗಳು ನೇಹಾಗ ಒಂದು ಮಾತು: ಈ ಕಾಗದ ಅಜ್ಜಿಗೆ ಪೂರಾ ಓದಿ ಹೇಳು, ನಡುವ ಏನೂ ಬಿಡಬ್ಯಾಡ. ಎರಡು ಸಲ ಫೋನ್ ಹಚ್ಚಿದ್ದೆ ಅವ್ವಾ. ನಿನ್ನ ದನಿ ಕೇಳಿದ ಕೂಡ್ಲೆ ಊಟ ಆತೇನು ಅಂತ ಕೇಳಿ ಇಟ್ಟುಬಿಟ್ಟೆ.

ಹೋದ ತಿಂಗಳು ನಮ್ಮೂರ ಸಾಲಿ ಅಂಗಳದಾಗ ಶಾಮಿಯಾನಾ ಹಾಕಿ ಸಭೆ ಮಾಡಿದ್ರಲ್ಲ, ಅದರ ಮಾತು. ನಾ ದುಡಿಯೋ ಸಿಮೆಂಟ್ ಫ್ಯಾಕ್ಟರಿ ದೊಡ್ಡದು ಮಾಡಾಕ ಜನರ ಒಪ್ಪಿಗಿ ಅದನೋ ಇಲ್ಲೋ ಅಂತ ಸರಕಾರ ಕೇಳಿದ ಸಭೆ. ನಮ್ಮ ಮ್ಯಾನೇಜರ್ ಸಾಹೇಬ್ರು ಎದ್ದು ಹೇಳಿದ್ರು: ಹೊಗಿಗೆ ಇನ್ಮ್ಯಾಲ ಮಿತಿ ಅದ, ಮಿತಿ ದಾಟಿದ್ರ ಹೊಗಿ ಕಡಿಮಿ ಮಾಡಿದ ಬ್ಯಾರೆ ಫ್ಯಾಕ್ಟರಿ ಕಡಿಂದ ಸರ್ಟಿಫಿಕೇಟ್ ಕೊಂಡುಕೊಳ್ತೀವಿ, ದೇಶದ ಲೆಕ್ಕದಾಗ ಹೊಗಿ ಕಡಿಮೀನೇ ಆಗ್ತದ. ಅದು ಸುಳ್ಳೇನಲ್ಲ. ನಾನೂ ನಂಬಿದ್ದೆ.

ಆಮ್ಯಾಲ ನೀ ಎದ್ದಿ. ಸೆರಗು ಸರಿ ಮಾಡ್ಕೊಂಡು, ಮೈಕ್ ಬ್ಯಾಡಂದಿ. "ನಮ್ಮ ಬಾವ್ಯಾಗ ಹೊಲಸು ಹಾಕಿ ಬ್ಯಾರೆ ಊರ ಬಾವಿ ತೊಳಿಸಿದ್ರ ನಾವು ಯಾವ ನೀರು ಕುಡೀಬೇಕ್ರಿ ಸಾಹೇಬ್ರ? ಚೀಟಿ ಕೊಳ್ಳೋದು ಬ್ಯಾಡ. ಹೊಗಿ ಬಿಟ್ಟಷ್ಟು ಸರಕಾರ ತೆರಿಗಿ ಹಾಕ್ಲಿ, ಆ ರೊಕ್ಕದಾಗ ಇಲ್ಲೇ ದವಾಖಾನಿ ಕಟ್ಲಿ. ಅಲ್ಲೀತನಕ ನಾ ಒಪ್ಪಂಗಿಲ್ಲ." ಪೋಚಪ್ಪ ಕಾಕಾ ಚಪ್ಪಾಳಿ ಹೊಡದ.

ಬ್ಯಾರೆ ರಾಜ್ಯದಿಂದ ಬರಕೊಳ್ಳಾಕ ಬಂದ ಸರಕಾರಿ ಸಾಹೇಬರಿಗೆ ನಮ್ಮ ಮಾತೂ ಬರಲ್ಲ, ತೆಲುಗೂ ಬರಲ್ಲ. ಇಂಗ್ಲಿಷಿನಾಗ ಹೇಳಾಕ ನನ್ನ ನಿಲ್ಲಿಸಿದ್ರು. ಮ್ಯಾನೇಜರ್ ನನ್ನ ಭುಜದ ಮ್ಯಾಲ ಕೈ ಇಟ್ಟು, "ಉಮಾಕಾಂತ್, ಚುಟುಕಾಗಿ ಹೇಳು" ಅಂದ್ರು. ಅಷ್ಟೇ ಅಂದ್ರು, ಬ್ಯಾರೆ ಏನೂ ಅನ್ಲಿಲ್ಲ. ಹದಿನಾರು ವರ್ಷದ ನೌಕರಿ ಆ ಕೈಯಾಗ ಭಾರ ಆತು. ಊರಿಗೆ ದವಾಖಾನಿ ಬೇಕಂತಾರ ಅಂತಷ್ಟೇ ಹೇಳ್ದೆ. ಬಾವಿ ಬಿಟ್ಟೆ, ತೆರಿಗಿ ಬಿಟ್ಟೆ, ಒಪ್ಪಂಗಿಲ್ಲ ಅಂದದ್ದೂ ಬಿಟ್ಟೆ. ಬರಕೊಂಡ ಸಾಹೇಬ್ರು ನಿನಗ ಕೈ ಮುಗದ್ರು. ಮನಿಗೆ ಹೋಗುಮುಂದ "ಎಲ್ಲಾ ಹೇಳ್ದಿಲ್ಲೋ?" ಅಂತ ಕೇಳಿದಿ. "ಹೇಳ್ದೆ ಅವ್ವಾ" ಅಂದೆ. ಮುಂದ ತಂಗಿ ಮನಿಗೆ ಹೊಂಟಾಗ "ನನ್ನ ಮಾತು ಸರಕಾರದ ತನಕ ಹೋತು" ಅಂತ ಕಲ್ಹೇರ್ ಬಸ್ಸಿನಾಗ ಬಾಜೂಕ ಕುಂತ ಹೆಣ್ಮಗಳಿಗೆ ನೀ ಹೇಳಾಕತ್ತಿದ್ದಿ, ನಾ ಕಿಡಕಿ ಹೊರಗ ನಿಂತು ಕೇಳ್ದೆ.

ಸಣ್ಣಾಂವ ಇದ್ದಾಗ ನನಗ ಓದಾಕ ಬರಿಯಾಕ ಕಲಿಸಬೇಕಂತ ನೀ ಮಂದಿ ಹೊಲದಾಗ ತೊಗರಿ ಕೊಯ್ದಿ. ಆ ಕಲಿತ ಬಾಯಿಲೇ ನಿನ್ನ ಮಾತು ನುಂಗೀನಿ. ಬೈಬೇಕಂದ್ರ ಬೈ, ತಡಕೊಳ್ತೀನಿ.

ಕೌಶಲ್ಯಾಗ ಜತನ ಹೇಳು. ನೇಹಾಗ ಆಶೀರ್ವಾದ. ನಿನ್ನ ಪಾದಕ್ಕ ನನ್ನ ಹಣಿ.

ನಿನ್ನ ಮಗ
ಉಮಾಕಾಂತ

ತಾ.ಕ.: ಬರದದ್ದು ಪೂರಾ ಆಗಿಲ್ಲ ಅವ್ವಾ. ನಿನ್ನೆ ಆಫೀಸಿನಾಗ ಆ ಸಭೆಯ ವರದಿ ನೋಡ್ದೆ. 'ಪೀರಮ್ಮ, ರೈತ ಮಹಿಳೆ' ಅಂತ ನಿನ್ನ ಹೆಸರು ಬರದು ಎದುರಿಗೆ 'ಸಮ್ಮತಿ' ಅಂತ ಹಾಕ್ಯಾರ. ಹೈದರಾಬಾದಿಗೆ ಹೋಗಿಬಿಟ್ಟದ, ಅಳಿಸಾಕ ಬರಂಗಿಲ್ಲಂತ. ನೀನೇ ಬಂದು ಹೆಬ್ಬಟ್ಟು ಒತ್ತಿ ಕೊಟ್ರ ಇನ್ನೊಂದು ಕಾಗದ ಅದರ ಹಿಂದ ಹಚ್ಚಬಹುದಂತ, ಯಾರರ ಓದ್ತಾರೋ ಇಲ್ಲೋ ಗೊತ್ತಿಲ್ಲ. ಸೋಮವಾರದೊಳಗ ಬಾ. ನಿನ್ನ ಮಾತು ಇಂಗ್ಲಿಷಿನಾಗ ಬರಿಯಾಕ ಸಾಲಿ ಸೌಮ್ಯಾ ಟೀಚರಿಗೆ ಹೇಳೀನಿ. ನಾ ಬಾಗಿಲ ಹೊರಗ ನಿಲ್ತೀನಿ.