ಗಫಾರಣ್ಣ ಎಣಿಸಿದ ಕೈಗಳು

ಇಸ್ರಾರ್,

ಇವತ್ತು ಸಂಜೆ ಪಾಂಡವಪುರದಲ್ಲಿ, ನಿಮ್ಮಣ್ಣ ಗಫಾರಣ್ಣನ ಟೀ ಅಂಗಡಿಯಲ್ಲಿ, ಎಂದಿನಂತೆ ಬ್ಯಾಸ್ಕೆಟ್‌ಬಾಲ್ ಜಗಳ ನಡೆಯಿತು. ಇಂಡಿಯಾ ಟೀಮಿಗೆ ಯಾರು ಬೇಕು, ಯಾರು ಯಾವ ಕ್ಲಬ್ಬಿಗೆ ಹಾರಿದರು ಎಂಬುದೆಲ್ಲ ಮುಗಿದು, ಮಾತು ಮೊಣಕಾಲು ನೋವಿರುವ ಸೆಂಟರ್ ಆಟಗಾರನ ಮೇಲೆ ಬಂತು.

"ಅವ್ನಿಲ್ದೆ ಗೆಲ್ಲಾಕಾಯ್ತದಾ? ಇಂಜೆಕ್ಷನ್ ಕೊಟ್ಟು ಇಳಿಸ್ಬೇಕು ಕಣ್ಲಾ," ಎಂದ ಧರ್ಮೇಂದ್ರ.

"ಕಾಲು ಹೋದ್ರೆ ನೀನ್ ಕೊಡ್ತೀಯೇನ್ಲಾ?" ಎಂದು ನಾನೇ ರೇಗಿದೆ.

ಅಂದು ನಾವಾಡಿದ ನಾಗಮಂಗಲದ ಫೈನಲ್ ದಿನ ನಿನ್ನ ಮೊಣಕಾಲು ಊದಿತ್ತು. ನಾನು ಕ್ಯಾಪ್ಟನ್. "ನೀನ್ ಆಡು ಅಂದ್ರೆ ಆಡ್ತೀನಿ ಬುಡ್ಲಾ," ಎಂದಿದ್ದೆ ನೀನು. ನಾನು ನಿನ್ನ ಮೊಣಕಾಲಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದು ಆಟಕ್ಕೆ ಇಳಿಸಿದೆ. ಕಪ್ಪು ಗೆದ್ದೆವು. ಈಗ ಹುಬ್ಬಳ್ಳಿಯಲ್ಲಿ ಮೆಟ್ಟಿಲಿಲ್ಲದ ಮನೆಯನ್ನೇ ಹುಡುಕಿ ಹಿಡಿದಿದ್ದೀಯಂತೆ.

ಇವತ್ತು ಜಗಳ ಬಗೆಹರಿಯದೆ ಕೈ ಎತ್ತಿಸಿದರು. ಆಡಿಸಬಾರದು ಎಂದು ಎಲ್ಲರಿಗಿಂತ ಮೊದಲು ಎತ್ತಿದವನು ನಾನು. ಗಫಾರಣ್ಣ ಲೋಟ ತೊಳೆಯುತ್ತಲೇ ಒಬ್ಬೊಬ್ಬರನ್ನೂ ನೋಡಿ, "ಐದು" ಎಂದರು. ಎತ್ತಿದ್ದವರು ನನ್ನನ್ನೂ ಸೇರಿ ಆರು ಜನ. ಬೇರೆ ಯಾರೂ ಗಮನಿಸಲಿಲ್ಲ.

ಈ ಕಾಗದಕ್ಕೆ ಬೇಕಾದ ನಿನ್ನ ವಿಳಾಸ ಇರುವುದು ಅವರೊಬ್ಬರ ಹತ್ತಿರ. ಅದನ್ನು ಕೇಳಲಿಲ್ಲ. ಕೈ ಇಳಿಸಿ, ಟೀ ಕುಡಿದು ಬಂದೆ.